ಬಸ್ಸು ದಾಟುತ್ತದೆ, ಜಾತಿ ದಾಟುವುದಿಲ್ಲ

ಹೋದ ವಾರ ಫೋನಿನಲ್ಲಿ ನೀನು ನಗುತ್ತಾ ಕೇಳಿದೆಯಲ್ಲ, "ಒಂದೇ ದೇಶ, ಒಂದೇ ಸಂವಿಧಾನ, ನಿಮಗೇನೋ ಕಷ್ಟ ಮಾರಾಯ? ಅಷ್ಟಕ್ಕೂ ನೀವೆಲ್ಲ ಅರ್ಧ ತೆಲುಗಿನವರು ತಾನೇ" ಅಂತ. ಅವತ್ತು ನಾನೂ ಸುಮ್ನೆ ನಕ್ಕೆ. ಆಮೇಲೆ ನಗು ಬರಲಿಲ್ಲ, ಅದಕ್ಕೇ ರಾಜ್ಯದ ಗಡಿ ದಾಟಿದರೆ ಬದಲಾಗುವ ನಮ್ಮ ಜಾತಿಯ ಕಷ್ಟದ ಬಗ್ಗೆ ಬರೆಯುತ್ತಿದ್ದೇನೆ.

ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ತುದಿ. ಜಿಲ್ಲಾ ಕೇಂದ್ರಕ್ಕಿಂತ ಆಂಧ್ರದ ರಾಯದುರ್ಗವೇ ನಮಗೆ ಹತ್ತಿರ. ಸಂತೆ, ಬೀಗರು, ಜಾತ್ರೆ ಎಲ್ಲಾ ಆ ಕಡೆ ಈ ಕಡೆ. ಅಜ್ಜಿ ತೆಲುಗಿನಲ್ಲಿ ಬೈದರೆ ಅವ್ವ ಕನ್ನಡದಲ್ಲಿ ತಿರುಗಿಸಿ ಕೊಡುತ್ತಾಳೆ. ಇದರಲ್ಲಿ ವಿವರಿಸುವಂಥದ್ದೇನೂ ಇಲ್ಲ. ನಮ್ಮ ಬ್ರಹ್ಮಗಿರಿಯ ಅಶೋಕನ ಶಾಸನ ನೋಡಿದ್ದೀಯಾ? ಭಾಷೆ ಪ್ರಾಕೃತ. ಅದನ್ನು ಬರೆದ ಚಪಡ ಕೊನೆಗೆ ತಾನು ಲಿಪಿಕಾರ ಅಂತ ಹೇಳಿಕೊಂಡದ್ದು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ. ಊರಿಗೆ ಓದಲು ಬಾರದ ಸರ್ಕಾರಿ ಕಾಗದ ನಮಗೆ ಎರಡು ಸಾವಿರ ವರ್ಷದ ಅಭ್ಯಾಸ.

ಅಭ್ಯಾಸ ಆಗದೇ ಇರುವುದು ಒಂದೇ, ಜಾತಿ ಸರ್ಟಿಫಿಕೇಟು.

ನನ್ನ ತಮ್ಮನ ಹೆಂಡತಿ ರಾಯದುರ್ಗದ ಕಡೆಯವಳು. ಕುಲ ಒಂದೇ, ಬೆಡಗು ಅಂದರೆ ಗೋತ್ರ ಬೇರೆ, ಸಂಬಂಧ ಮಾಡಲು ಅಷ್ಟು ಸಾಕಲ್ವಾ. ಇಲ್ಲಿ ನಾವು ನಾಯಕ ಜಾತಿಯವರು, ಅಂದರೆ ಎಸ್‌ಟಿ, ಪರಿಶಿಷ್ಟ ಪಂಗಡ. ಗಡಿ ದಾಟಿದರೆ ಅದೇ ಜನ ಬೋಯರು, ಬಿಸಿ-ಎ, ಹಿಂದುಳಿದ ವರ್ಗ. ನಮ್ಮೂರಿನ ಪಂಚಾಯ್ತಿ ಸೀಟು ಎಸ್‌ಟಿ ಮಹಿಳೆಗೆ ಬಂದಾಗ ಓಣಿಯವರೆಲ್ಲ ಇವಳನ್ನೇ ನಿಲ್ಲಿಸಿ ಅಂದರು, ಡಿಗ್ರಿ ಓದಿದವಳು ಅವಳೊಬ್ಬಳೇ. ಕಚೇರಿಯಲ್ಲಿ ಕೇಳಿದ್ದು ಅಪ್ಪನ ಸರ್ಟಿಫಿಕೇಟು. ಅದರಲ್ಲಿ ಬೋಯ, ಬಿಸಿ-ಎ. ಗಂಡನದು ತೋರಿಸಿದರೆ ಮದುವೆಯಿಂದ ಜಾತಿ ಬರುವುದಿಲ್ಲ ಅಂದರು. ಬರುವುದಲ್ಲ ಸ್ವಾಮಿ, ಹುಟ್ಟಿದಾಗಿನಿಂದ ಇದೆ ಅಂದರೆ, ಇದ್ದದ್ದು ಆ ರಾಜ್ಯದಲ್ಲಿ ಅಂದರು. ನಾಲ್ಕು ಸಲ ಅಲೆದೆವು. ನಾಲ್ಕನೇ ಸಲ ಗುಮಾಸ್ತರೇ ಚಹಾ ತರಿಸಿಕೊಟ್ಟರು, ಅಷ್ಟು ಪರಿಚಯ ಆಗಿತ್ತು.

ಅವರ ತಪ್ಪಲ್ಲ ಅಂತ ನನಗೂ ಗೊತ್ತು. ಸಂವಿಧಾನದ 342ನೇ ವಿಧಿ ಪ್ರಕಾರ ಪಂಗಡಗಳ ಪಟ್ಟಿ ರಾಜ್ಯಕ್ಕೊಂದು. ತಿದ್ದಬೇಕಾದರೆ ಸಂಸತ್ತೇ ತಿದ್ದಬೇಕು. ಆಂಧ್ರದ ವಿಧಾನಸಭೆ ಬೋಯರನ್ನು ಎಸ್‌ಟಿಗೆ ಸೇರಿಸಿ ಅಂತ 2017ರಲ್ಲಿ, 2023ರಲ್ಲಿ ನಿರ್ಣಯ ಮಾಡಿತು. ಆದರೆ ಅದು ಬರೀ ಕೋರಿಕೆ. ನಮ್ಮ ಕಡೆಯೂ ನಾಯಕ್, ಬೇಡ, ವಾಲ್ಮೀಕಿ ಅನ್ನೋ ಹೆಸರುಗಳು ಪಟ್ಟಿಗೆ ಬಂದದ್ದು 1991ರಲ್ಲಿ. ನಮ್ಮಪ್ಪ ಓದುವಾಗ ಆ ಸೌಲಭ್ಯ ಇರಲಿಲ್ಲ, ಹಾಗಂತ ಅವರು ಆಗ ನಾಯಕರಲ್ಲವಾ? 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹುಡುಗ ಆಂಧ್ರದಲ್ಲಿ ಎಸ್‌ಟಿ, ಅಪ್ಪನ ನೌಕರಿಯಿಂದಾಗಿ ಮುಂಬೈಗೆ ಹೋದವನು, ಅಲ್ಲಿ ಮೆಡಿಕಲ್ ಸೀಟು ಕೇಳಿದ. ಒಂದು ರಾಜ್ಯದ ಸ್ಥಾನ ಇನ್ನೊಂದಕ್ಕೆ ಜೊತೆಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠವೂ ಅದನ್ನೇ ಎತ್ತಿಹಿಡಿಯಿತು. ತರ್ಕ ಇದೆ. ಹೊರಗಿನಿಂದ ಬಂದವರು ಇಲ್ಲಿಯ ಬಡವರ ಪಾಲು ತಿನ್ನಬಾರದು. ಆದರೆ ಮುಂಬೈಗೆ ಹೋಗುವುದೂ, ಸಾರು ತಣ್ಣಗಾಗುವ ಮೊದಲು ತಲುಪುವ ತವರಿನಿಂದ ಬರುವುದೂ ಒಂದೇನಾ?

ಹಿಂದೆ ರಾಯದುರ್ಗ ಮದರಾಸಿನ ಬಳ್ಳಾರಿ ಜಿಲ್ಲೆಯದು, ನಮ್ಮದು ಮೈಸೂರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಮಾತ್ರ ಆದೋನಿ, ಆಲೂರಿನ ಜೊತೆ ಆಂಧ್ರಕ್ಕೆ ಹೋಯಿತು. ಗೆರೆ ಎಳೆದವರು ಭಾಷೆ ನೋಡಿದರು, ಬೀಗರನ್ನು ಯಾರು ನೋಡುತ್ತಾರೆ.

ನೀನಿರುವ ಅರಿಜೋನಾವನ್ನೇ ನೋಡು. ಅಮೆರಿಕದಲ್ಲಿ ರಾಜ್ಯಕ್ಕೊಂದು ಸಂವಿಧಾನ, ರಾಜ್ಯಕ್ಕೊಂದು ಮೇಲಿನ ಕೋರ್ಟು. ಆದರೂ ನವಾಹೋ ಬುಡಕಟ್ಟಿನವನು ಅರಿಜೋನಾದಿಂದ ನ್ಯೂ ಮೆಕ್ಸಿಕೋಗೆ ಹೋದರೆ ನವಾಹೋನೇ. ಸದಸ್ಯ ಯಾರು ಅನ್ನುವುದನ್ನು ಬುಡಕಟ್ಟೇ ತೀರ್ಮಾನಿಸುತ್ತದೆ. ಅದೂ ಚಿನ್ನವೇನಲ್ಲ. ಸಾಂಟಾ ಕ್ಲಾರಾ ಪ್ವೆಬ್ಲೋ ಅನ್ನೋ ಇನ್ನೊಂದು ಬುಡಕಟ್ಟಿನಲ್ಲಿ ಹೊರಗಿನವನನ್ನು ಮದುವೆಯಾದ ಹೆಣ್ಣಿನ ಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ. 1978ರಲ್ಲಿ ಅವರ ಸುಪ್ರೀಂ ಕೋರ್ಟು ಅದು ಬುಡಕಟ್ಟಿನ ವಿಷಯ ಅಂತ ದೂರ ಸರಿಯಿತು. ಅಲ್ಲೂ ಪೆಟ್ಟು ತಿಂದದ್ದು ಹೆಣ್ಣೇ, ನೋಡು.

ಇಲ್ಲಿ ಸಂವಿಧಾನ ಒಂದೇ, ಕೋರ್ಟಿನ ಮೆಟ್ಟಿಲೂ ಒಂದೇ. 261ನೇ ವಿಧಿ ಇರುವುದರಿಂದ ಚಳ್ಳಕೆರೆಯ ಸಿವಿಲ್ ಕೋರ್ಟಿನ ತೀರ್ಪು ರಾಯದುರ್ಗದಲ್ಲೂ ಜಾರಿಯಾಗುತ್ತದೆ. ನನ್ನ ತಮ್ಮನ ಹೆಂಡತಿಯ ಮದುವೆ ದಾಟಿ ಬಂತು, ವೋಟು ದಾಟಿ ಬಂತು. ಜನರಲ್ ಸೀಟಾಗಿದ್ದರೆ ನಿಲ್ಲಬಹುದಿತ್ತು. ಜಾತಿ ಒಂದು ಮಾತ್ರ ಬಸ್ಸು ಹತ್ತಲಿಲ್ಲ. ಮೂರು ವರ್ಷದ ಅವಳ ಮಗ ಅಪ್ಪನ ಕಡೆಯಿಂದ ಎಸ್‌ಟಿ. ಅದೇ ತಟ್ಟೆಯಲ್ಲಿ ತುತ್ತು ಕೊಡುವ ಅವ್ವ ಅಲ್ಲ.

ಇನ್ನು ನಿನ್ನ ಅರ್ಧ ತೆಲುಗಿನ ಮಾತು. ಅವಳು ಆಂಧ್ರದಲ್ಲೇ ಇದ್ದುಕೊಂಡು ಕನ್ನಡ ಮಾಧ್ಯಮದಲ್ಲಿ ಓದಿದವಳು. ಆ ಸೀಟಿಗೆ ಕೊನೆಗೆ ನಮ್ಮ ಓಣಿಯ ಇನ್ನೊಬ್ಬ ಹೆಣ್ಣುಮಗಳು ನಿಂತು ಗೆದ್ದಳು, ಇವಳೇ ಮನೆಮನೆಗೆ ಹೋಗಿ ವೋಟು ಕೇಳಿದಳು. ಈಗ ಸಭೆಯ ನೋಟಿಸು ಬಂದಾಗಲೆಲ್ಲ ಆ ಸದಸ್ಯೆ ನಮ್ಮ ಕಟ್ಟೆಗೇ ಬರುತ್ತಾಳೆ, ಓದಿಸಿಕೊಳ್ಳಲು.