ಅನಿಮೋನಿ ಬಿಳಿಚಿಕೊಂಡರೆ ದೀಪ ಬದಲಿಸಬೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರಡಿ ಉದ್ದ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇದೆ. ಒಂದು ಜೋಡಿ ಕ್ಲೌನ್ ಮೀನು, ಸ್ವಲ್ಪ ಮಶ್ರೂಮ್ ಹವಳ, ಝೋಯಾಂತಿಡ್‌ಗಳಿವೆ (ಎರಡೂ ಹವಳದ ಬಳಗದ ಮೆದು ಜೀವಿಗಳು). ಕಳೆದ ತಿಂಗಳು ಬಬಲ್ ಟಿಪ್ ಅನಿಮೋನಿ (ಹೂವಿನಂತೆ ಕಾಣುವ ಸಮುದ್ರಪ್ರಾಣಿ) ತಂದೆ. ಅಂಗಡಿಯಲ್ಲಿ ಹಸಿರಾಗಿ ಹೊಳೆಯುತ್ತಿದ್ದುದು ಮನೆಗೆ ಬಂದ ಮೇಲೆ ಹಾಲಿನ ಬಣ್ಣಕ್ಕೆ ತಿರುಗಿದೆ, ಗಾಜು ಹತ್ತಿ ನೀರಿನ ಮಟ್ಟದಲ್ಲಿ ಕೂತಿದೆ. ಈಗಿರುವುದು 36 ವ್ಯಾಟ್‌ನ ಬಿಳಿ ಎಲ್‌ಇಡಿ. ಅಂಗಡಿಯವರು 150 ವ್ಯಾಟ್‌ನದು ಹಾಕಿ ಅನ್ನುತ್ತಾರೆ. ಹಾಕಲೇ?
– ಬೆಂಗಳೂರಿನ ಓದುಗರು

ಉತ್ತರ: ದೀಪ ಬದಲಿಸಿ. ಆದರೆ ಹೊಸ ದೀಪವನ್ನು ಮೊದಲ ದಿನವೇ ಪೂರ್ತಿ ಉರಿಸಿದರೆ ನಿಮ್ಮ ಅನಿಮೋನಿ ಉಳಿಯುವುದು ಕಷ್ಟ.

ಇಂಥ ಅನಿಮೋನಿ ಮತ್ತು ಆಳವಿಲ್ಲದ ನೀರಿನ ಬಹುಪಾಲು ಹವಳಗಳ ಮೈಯೊಳಗೆ ಝೂಕ್ಸಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬೆಳಕು ಬೇಕಾಗಿರುವುದು ಅದಕ್ಕೆ. ಅದು ತಯಾರಿಸಿದ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಪ್ರಾಣಿಗೆ ಬಿಟ್ಟುಕೊಡುತ್ತದೆ, ಪ್ರಾಣಿ ಅದಕ್ಕೆ ನೆಲೆಯನ್ನೂ ಸಾರಜನಕವನ್ನೂ ಕೊಡುತ್ತದೆ. ಆರೋಗ್ಯವಂತ ಬಬಲ್ ಟಿಪ್‌ನ ಕಂದು ಛಾಯೆ ಈ ಪಾಚಿಯದೇ. ಮೈ ಬೆಳ್ಳಗಾಗಿದೆ ಎಂದರೆ ಪಾಚಿ ಹೊರಬಿದ್ದಿದೆ. ಬಹುಶಃ ಅಂಗಡಿಯಲ್ಲೇ ಹಾಗಿತ್ತು: ಇವುಗಳ ಮೈಯಲ್ಲಿರುವ ಪ್ರೋಟೀನ್‌ಗಳು ನೀಲಿ ಬೆಳಕಿನಡಿ ಹಸಿರಾಗಿ ಹೊಳೆಯುತ್ತವೆ, ಪಾಚಿ ಇದ್ದರೂ ಇಲ್ಲದಿದ್ದರೂ. ಮುಂದಿನ ಸಲ ಕೊಳ್ಳುವಾಗ ಬಿಳಿ ದೀಪ ಹಾಕಿಸಿ ನೋಡಿ. ‘ಅಪರೂಪದ ಬಿಳಿ ಅನಿಮೋನಿ’ ಎಂದು ಹೆಚ್ಚು ಬೆಲೆ ಹೇಳುವವರೂ ಇದ್ದಾರೆ. ಅದು ಅಪರೂಪವಲ್ಲ, ಕಾಯಿಲೆ. ಕಡು ಹಳದಿ, ನೇರಳೆ ಬಣ್ಣ ಹಾಕಿಸಿಕೊಂಡು ಬಂದವೂ ಇರುತ್ತವೆ. ಅವನ್ನಂತೂ ಮುಟ್ಟಲೇಬೇಡಿ.

ಗಾಜು ಹತ್ತಿ ಮೇಲೆ ಬಂದಿರುವುದು ಹೆಚ್ಚಾಗಿ ಬೆಳಕು ಸಾಲದೆ. ಬೆಳಕು ವಿಪರೀತವಾದರೆ ಸಾಮಾನ್ಯವಾಗಿ ಬಂಡೆಯ ಸಂದಿಗೆ ಸೇರಿಕೊಳ್ಳುತ್ತದೆ. ನೀರಿನ ಹರಿವೋ ಗುಣವೋ ಒಗ್ಗದಿದ್ದರೂ ಓಡಾಡುವುದುಂಟು. ಆದ್ದರಿಂದ ಉಪ್ಪಿನಂಶ, ನೈಟ್ರೇಟ್ ಎರಡನ್ನೂ ಒಮ್ಮೆ ಪರೀಕ್ಷಿಸಿ. ಓಡಾಡುವ ಅನಿಮೋನಿ ಪವರ್‌ಹೆಡ್‌ಗೆ (ಟ್ಯಾಂಕಿನೊಳಗೆ ನೀರು ತಿರುಗಿಸುವ ಪಂಪ್) ಸಿಕ್ಕಿದರೆ ಚೂರುಚೂರಾಗಿ ಇಡೀ ಟ್ಯಾಂಕ್ ಕೆಡುತ್ತದೆ. ಇವತ್ತೇ ಅದಕ್ಕೆ ಸ್ಪಂಜಿನ ಕವಚ ಹಾಕಿ.

ಇನ್ನು ವ್ಯಾಟ್ ವಿಷಯ. ವ್ಯಾಟ್ ಹೇಳುವುದು ದೀಪ ಎಷ್ಟು ಕರೆಂಟ್ ತಿನ್ನುತ್ತದೆ ಎಂದು. ಪ್ರಾಣಿಯ ಮೈಮೇಲೆ ಎಷ್ಟು ಬೆಳಕು ಬೀಳುತ್ತದೆ ಎಂಬುದು ಅದರಿಂದ ತಿಳಿಯದು. ಗ್ಯಾಲನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕ ಟ್ಯೂಬ್‌ಲೈಟ್ ಕಾಲದ್ದು, ಎಲ್‌ಇಡಿಗೆ ಕೆಲಸಕ್ಕೆ ಬಾರದು. ನಾವು ನೋಡುವುದು ‘ಪಾರ್’ ಅಳತೆ: 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಕಣಗಳು ಒಂದು ಚದರ ಮೀಟರ್ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೀಳುತ್ತವೆ ಎಂಬುದು. ಮಧ್ಯಾಹ್ನದ ಬಿಸಿಲಲ್ಲಿ ಸಮುದ್ರದ ಮೇಲ್ಮೈಯಲ್ಲಿ ಇದು ಸುಮಾರು 2,000. ನಿಮ್ಮ ಮಶ್ರೂಮ್, ಝೋಯಾಂತಿಡ್‌ಗಳಿಗೆ 50ರಿಂದ 120 ಧಾರಾಳ. ಬಬಲ್ ಟಿಪ್‌ಗೆ, ಮೈ ಗಟ್ಟಿಯಾಗಿದ್ದಾಗ, 150ರಿಂದ 250. ಇವೆಲ್ಲ ಅಂದಾಜಿನ ಅಂಕಿಗಳು. ಬಬಲ್ ಟಿಪ್ ಕಡಿಮೆ ಬೆಳಕಲ್ಲೂ ಬಾಳಿದ್ದುಂಟು.

ನಿಮ್ಮ ಅಳತೆಯ ಟ್ಯಾಂಕಿಗೆ ಮೂರಡಿ ಉದ್ದಕ್ಕೂ ಹರಡುವ, ನೀಲಿ ಮತ್ತು ಬಿಳಿಯನ್ನು ಬೇರೆಬೇರೆಯಾಗಿ ಏರಿಳಿಸಲು ಬರುವ ರೀಫ್ ಎಲ್‌ಇಡಿ (ಹವಳದ ಟ್ಯಾಂಕಿಗೆಂದೇ ಮಾಡಿದ ದೀಪ) ಕೊಳ್ಳಿ. ನಡುವೆ ಒಂದೇ ಒಂದು ದೊಡ್ಡ ದೀಪ ತೂಗುಹಾಕುವುದಕ್ಕಿಂತ ಎರಡು ಚಿಕ್ಕವು ವಾಸಿ, ಬಂಡೆಗಳ ಹಿಂದೆ ನೆರಳು ಕಡಿಮೆ. ನೀಲಿ ಹೆಚ್ಚಿರಲಿ. ಸಮುದ್ರದಲ್ಲಿ ಕೆಂಪು ಬೆಳಕು ಮೊದಲ ಕೆಲವೇ ಮೀಟರ್‌ಗಳಲ್ಲಿ ಕರಗಿಹೋಗುತ್ತದೆ, ಆಳಕ್ಕೆ ಇಳಿಯುವುದು ನೀಲಿ. ಈ ಪಾಚಿಗಳು ಚೆನ್ನಾಗಿ ಹೀರುವುದೂ 420ರಿಂದ 480 ನ್ಯಾನೋಮೀಟರ್ ಆಸುಪಾಸಿನ ನೀಲಿಯನ್ನೇ. ಪೆಟ್ಟಿಗೆಯ ಮೇಲಿನ ಕೆಲ್ವಿನ್ ಸಂಖ್ಯೆಗೆ ಮರುಳಾಗಬೇಡಿ. ಅದು ನಮ್ಮ ಕಣ್ಣಿಗೆ ಬೆಳಕು ಎಷ್ಟು ತಂಪಾಗಿ ಕಾಣುತ್ತದೆ ಎಂಬುದಷ್ಟೇ.

ಹೊಸ ದೀಪವನ್ನು ನೀರಿನಿಂದ ಸುಮಾರು ಒಂದಡಿ ಮೇಲೆ ಕಟ್ಟಿ, ಶೇ 20–30ರಲ್ಲಿ ಶುರು ಮಾಡಿ. ಪಾಚಿ ಕಳೆದುಕೊಂಡ ಪ್ರಾಣಿಗೆ ಬೆಳಕು ತಕ್ಷಣಕ್ಕೆ ಊಟವಲ್ಲ. ಅಳಿದುಳಿದ ಪಾಚಿ ಬಲವಾದ ಬೆಳಕಲ್ಲಿ ವಿಷಕಾರಿ ಆಮ್ಲಜನಕ ಕಣಗಳನ್ನು ಉಗುಳುತ್ತದೆ, ಪ್ರಾಣಿ ಇದ್ದಬದ್ದ ಪಾಚಿಯನ್ನೂ ಹೊರಹಾಕುತ್ತದೆ. ಜ್ವರ ಬಿಟ್ಟವನಿಗೆ ಮೊದಲು ಗಂಜಿ ಕೊಡುವ ಹಾಗೆಯೇ ಇದು. ಒಂದೊಂದು ವಾರಕ್ಕೆ ಶೇ 5ರಷ್ಟು ಏರಿಸಿ, ದಿನಕ್ಕೆ 8 ಗಂಟೆ ಸಾಕು. ಜೊತೆಗೆ ವಾರಕ್ಕೆ ಎರಡು ಸಲ ಉಗುರಿನಷ್ಟು ಸಿಗಡಿ ಚೂರನ್ನು ಬಾಯಿಯ ಹತ್ತಿರ ಇಡಿ, ಉಗುಳಿದರೆ ಇನ್ನೂ ಚಿಕ್ಕದು ಮಾಡಿ. ಬಣ್ಣ ಮರಳಲು ತಿಂಗಳುಗಳೇ ಬೇಕಾಗಬಹುದು. ಬಾಯಿ ಅಗಲವಾಗಿ ತೆರೆದೇ ಉಳಿದು, ಮೈ ಕರಗಿ ನಾರತೊಡಗಿದರೆ ಕಾಯಬೇಡಿ, ಕೂಡಲೇ ಹೊರಗೆ ತೆಗೆಯಿರಿ.

ಕರೆಂಟ್ ಹೋಗುವ ಮನೆಯಾದರೆ ಇನ್ನೊಂದು ಮಾತು: ಇನ್ವರ್ಟರ್‌ಗೆ ದೀಪವನ್ನಲ್ಲ, ಪವರ್‌ಹೆಡ್ ಜೋಡಿಸಿ. ಅರ್ಧ ದಿನ ಬೆಳಕಿಲ್ಲದಿದ್ದರೆ ಹವಳ ಸಾಯದು. ನೀರು ನಿಂತು ಆಮ್ಲಜನಕ ಕುಸಿದರೆ ಮೊದಲು ಮೀನು, ಆಮೇಲೆ ಉಳಿದವು. ತಿರುಗುವ ಡಯಲ್‌ನ ಅಗ್ಗದ ಟೈಮರ್ ಕರೆಂಟ್ ಹೋದಷ್ಟು ಹೊತ್ತು ನಿಂತು ವೇಳೆಯನ್ನು ಹಿಂದೆ ತಳ್ಳುತ್ತದೆ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ.

ಹೊಸ ದೀಪ ಬಂದ ಮೇಲೆ ಗಟ್ಟಿ ಹವಳದ ಆಸೆಯೂ ಹುಟ್ಟುತ್ತದೆ. ಬಂಡೆ ಕಟ್ಟುವ ಎಲ್ಲ ಗಟ್ಟಿ ಹವಳಗಳು, ಸೀ ಫ್ಯಾನ್, ಕಪ್ಪು ಹವಳ, ಬೆಂಕಿ ಹವಳ – ಇವೆಲ್ಲ 2001ರಿಂದ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿಯ ಸಾಲಿನಲ್ಲಿ. ಮುರ್ಡೇಶ್ವರದ ನೇತ್ರಾಣಿ ದ್ವೀಪದ ಸುತ್ತ ಕಾಣುವ ಹವಳಕ್ಕೂ ಇದೇ ಕಾನೂನು. ‘ಯಾರೂ ಕೇಳಲ್ಲ ಸಾರ್’ ಎಂದು ಕವರ್‌ನಲ್ಲಿ ಕಟ್ಟಿಕೊಟ್ಟರೆ ತರಬೇಡಿ.

ಪ್ರಶ್ನೆ: ನಾನು ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇನೆ. ಇಲ್ಲಿ ತುಂಡುಗಳಿಂದ ಬೆಳೆಸಿದ ಅಕ್ರೊಪೋರಾ ಎಂಬ ಗಟ್ಟಿ ಹವಳ ಕೊಂಡಿದ್ದೇನೆ. ಮೊಬೈಲ್‌ನ ಲಕ್ಸ್ ಆ್ಯಪ್‌ನಿಂದ ಬೆಳಕು ಅಳೆದರೆ ಸಾಕೇ?

ಉತ್ತರ: ಸಾಲದು. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಅಳತೆ. ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸ್ಪಂದಿಸುತ್ತದೆ, ನೀಲಿಗೆ ಕಡಿಮೆ. ನೀಲಿ ತುಂಬಿದ ದೀಪದಡಿ ಆ್ಯಪ್ ತೀರಾ ಕಡಿಮೆ ತೋರಿಸುತ್ತದೆ, ನೀವು ಏರಿಸುತ್ತಾ ಹೋಗಿ ಹವಳ ಸುಡುತ್ತೀರಿ. ನೀರಿನೊಳಗೆ ಇಳಿಸುವ ಪಾರ್ ಮೀಟರ್ ದುಬಾರಿ. ಅಲ್ಲಿಯ ಹವ್ಯಾಸಿ ಸಂಘಗಳು, ಕೆಲವು ಅಂಗಡಿಗಳು ಬಾಡಿಗೆಗೆ ಕೊಡುತ್ತವೆ. ಒಂದು ದಿನ ತಂದು ಟ್ಯಾಂಕಿನ ಹತ್ತಾರು ಕಡೆ ಅಳೆದು ಕಾಗದದ ಮೇಲೆ ನಕ್ಷೆ ಬರೆದಿಟ್ಟುಕೊಳ್ಳಿ. ಅಕ್ರೊಪೋರಾಗೆ 250ರಿಂದ 350 ಗುರಿ ಇಡಿ, ಆದರೆ ಹೊಸ ತುಂಡನ್ನು ಮೊದಲು ಕೆಳಗೆ, 100–150 ಇರುವಲ್ಲಿ ಕೂರಿಸಿ. ತುದಿ ಬೆಳ್ಳಗಾದ ತಕ್ಷಣ ದೀಪದ ಮೇಲೆ ಅನುಮಾನಪಡುವ ಮೊದಲು ನೀರಿನ ಕ್ಷಾರೀಯತೆ (ಆಲ್ಕಲಿನಿಟಿ) ಏರಿಳಿದಿದೆಯೇ ನೋಡಿ. ಬೆಳೆಯುವ ತುದಿ ಬಿಳಿಯಾಗಿರುವುದು ಸಹಜವೂ ಹೌದು.

ಪ್ರಶ್ನೆ: ಟ್ಯಾಂಕನ್ನು ಕಿಟಕಿಯ ಬಳಿ ಇಟ್ಟು ಬಿಸಿಲನ್ನೇ ಬಳಸಿದರೆ ದೀಪದ ಖರ್ಚು ಉಳಿಯುವುದಿಲ್ಲವೇ? – ಮಂಗಳೂರು

ಉತ್ತರ: ಬಿಸಿಲಿನಲ್ಲಿ ದೋಷವೇನೂ ಇಲ್ಲ, ಶಾಖದ್ದೇ ತೊಂದರೆ. ಏಪ್ರಿಲ್‌ನಲ್ಲಿ ನಿಮ್ಮೂರಲ್ಲಿ ಕೋಣೆಯೇ 30 ಡಿಗ್ರಿ ದಾಟಿರುತ್ತದೆ, ಟ್ಯಾಂಕ್ 25–27ರಲ್ಲಿ ಇರಬೇಕು. ಬಿಸಿನೀರು ಮತ್ತು ಬಲವಾದ ಬೆಳಕು ಕೂಡಿದರೆ ಹವಳ ಬೇಗ ಬಿಳಿಚುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಮೋಡ, ಆಗ ಹೇಗೂ ದೀಪ ಬೇಕು. ದೀಪದಲ್ಲಿ ಉಳಿಸಿದ್ದನ್ನು ನೀರು ತಂಪು ಮಾಡುವ ಚಿಲ್ಲರ್‌ಗೆ ಕೊಡುತ್ತೀರಿ. ಕಿಟಕಿಯಿಂದ ದೂರ ಇಡಿ.