ಜಾಲಪುಟದಲ್ಲಿ ಸಾಲನ್ನು ಓಡಿಸುವ ಮಾರ್ಕ್ಯೂ ಟ್ಯಾಗ್ (ಪುಟದ ಕೋಡ್‌ನಲ್ಲಿ ಬರೆಯುವ ಗುರುತು) ಬಳಸಬಾರದು ಎನ್ನುತ್ತಾರೆ. ಹಾಗಾದರೆ ಬ್ರೌಸರ್‌ಗಳಲ್ಲಿ ಅದು ಇನ್ನೂ ಓಡುವುದೇಕೆ?

ಬಳಸಬಾರದು ಎಂಬ ನಿಯಮ ಪುಟ ಬರೆಯುವವರಿಗೆ ಮಾತ್ರ. ಬ್ರೌಸರ್ ತಯಾರಿಸುವವರಿಗೆ ಬೇರೆಯೇ ನಿಯಮವಿದೆ. ಎಚ್‌ಟಿಎಂಎಲ್ (ಜಾಲಪುಟ ಬರೆಯುವ ಭಾಷೆ) ಮಾನದಂಡವು ಮಾರ್ಕ್ಯೂ ಬಳಕೆ ತಪ್ಪಿದ ಟ್ಯಾಗ್ ಎಂದು ಹೇಳುತ್ತಲೇ, ಬ್ರೌಸರ್ ಅದನ್ನು ಹೇಗೆ ಓಡಿಸಬೇಕು ಎಂಬುದನ್ನೂ ವಿವರವಾಗಿ ಬರೆದಿಟ್ಟಿದೆ.

ಕಾರಣ, ಜಾಲದಲ್ಲಿ ಹಳೆಯದು ಹೋಗುವುದಿಲ್ಲ. 1990ರ ದಶಕದ ಪುಟವನ್ನೂ ನಿನ್ನೆ ಬರೆದ ಪುಟವನ್ನೂ ಒಂದೇ ಬ್ರೌಸರ್ ಓದಬೇಕು. ಮಡಿಕೇರಿ ಹತ್ತಿರ ನನಗೆ ಪರಿಚಯದವರ ಹೋಂಸ್ಟೇ ಇದೆ. ಅವರ ಪುಟದ ತಲೆಯ ಮೇಲೆ "ಮಳೆಗಾಲದಲ್ಲಿ ಜಿಗಣೆಗಳ ಕಾಟವಿರುತ್ತದೆ, ಉಪ್ಪು ನಾವೇ ಕೊಡುತ್ತೇವೆ" ಎಂಬ ಸಾಲು ಬಲದಿಂದ ಎಡಕ್ಕೆ ಇಂದಿಗೂ ಓಡುತ್ತಿದೆ. ಅದನ್ನು ಮಾಡಿಕೊಟ್ಟ ಹುಡುಗ ಬೆಂಗಳೂರು ಸೇರಿ ವರ್ಷಗಳಾದವು, ತಿದ್ದುವವರಿಲ್ಲ. ನಾಳೆ ಟ್ಯಾಗ್ ಕಿತ್ತುಹಾಕಿದರೆ ಇಂಥ ಪುಟಗಳ ಜೋಡಣೆ ಕೆಡಬಹುದು, ಬೈಗುಳ ಮಾತ್ರ ಬ್ರೌಸರ್‌ಗೆ.

ಹಾಗೆಂದು ಎಲ್ಲವೂ ಉಳಿದಿಲ್ಲ. ಅಕ್ಷರ ಮಿನುಗಿಸುತ್ತಿದ್ದ ಬ್ಲಿಂಕ್ ಟ್ಯಾಗನ್ನು ಫೈರ್‌ಫಾಕ್ಸ್ ಬ್ರೌಸರ್ 2013ರಲ್ಲಿ ಕೈಬಿಟ್ಟಿತು. ಮಿನುಗು ನಿಂತರೂ ಅಕ್ಷರ ಅಲ್ಲೇ ಇರುತ್ತದೆ, ಪುಟ ಕೆಡುವುದಿಲ್ಲ (ಕಣ್ಣಿಗಂತೂ ಲಾಭವೇ).

ನೀವು ಹೊಸ ಪುಟ ಬರೆಯುವುದಾದರೆ ಸಾಲನ್ನು ಓಡಿಸದೆ ನಿಲ್ಲಿಸಿಯೇ ಬರೆಯಿರಿ. ಓಡಿಸಲೇಬೇಕೆಂದಿದ್ದರೆ ಸಿಎಸ್‌ಎಸ್ (ಪುಟ ಹೇಗೆ ಕಾಣಬೇಕೆಂದು ಹೇಳುವ ಭಾಷೆ) ಬಳಸಿ, ನಿಲ್ಲಿಸಲು ಒಂದು ಗುಂಡಿಯನ್ನೂ ಕೊಡಿ.