ಊರಿಂದ ಬಂದ ಅಪ್ಪ-ಅಮ್ಮನಿಗೆ ಮೇರಿಲ್ಯಾಂಡಿನ ರಾಜಧಾನಿ ಅನಾಪೊಲಿಸ್ ತೋರಿಸಲು ಅರ್ಧ ದಿನ ಸಾಕಾ? ಮಧ್ಯಾಹ್ನದ ಮೇಲೆ ಬಾಲ್ಟಿಮೋರ್ ಸೇರಿಸಬಹುದಾ?

ಸೇರಿಸಬೇಡಿ. ಬೆಳಿಗ್ಗೆ ನೇವಲ್ ಅಕಾಡೆಮಿ, ಆಮೇಲೆ ಊಟ, ಅಲ್ಲಿಂದ ಬಾಲ್ಟಿಮೋರ್ ಹಾರ್ಬರ್ ಅಂತ ಬರೆದಿದ್ದೀರಲ್ಲ, ನಾನೂ ಒಂದು ಸಲ ಥೇಟ್ ಹೀಗೇ ಪ್ಲ್ಯಾನ್ ಹಾಕಿದ್ದೆ.

ನಮ್ಮಪ್ಪ ಅಂಕೋಲಾ ಕಡೆಯವರು, ನೇವಿಯಲ್ಲಿ ರಿಟೈರ್ ಆದವರು. ವಾಷಿಂಗ್ಟನ್‌ನಲ್ಲಿ ಏನು ತೋರಿಸಿದರೂ "ಹೂಂ, ಚೆನ್ನಾಗಿದೆ" ಅಷ್ಟೇ. ಅಮೆರಿಕದ ನೇವಿ ಆಫೀಸರ್‌ಗಳನ್ನು 1845ರಿಂದ ತಯಾರು ಮಾಡುವ ಅಕಾಡೆಮಿ ಇಲ್ಲೇ ಹತ್ತಿರದಲ್ಲಿದೆ ಅಂದಾಗ ಮಾತ್ರ ಅಂಗಿಗೆ ಇಸ್ತ್ರಿ ಹಾಕಿಕೊಂಡರು.

ಹೊರಡುವಾಗ ಅಮ್ಮ ಕೇಳಿದಳು, "ಪಾಸ್‌ಪೋರ್ಟ್ ಇಟ್ಕೊಳ್ಲಾ?" ಬೇಡ ಅಂದೆ. ಈ "ಬೇಡ" ಎಲ್ಲಿಂದ ಬಂತು ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಬಾಯಲ್ಲೂ ಇದೇ ಬರುತ್ತದೆ. ನಾವು ಇಲ್ಲಿ ವರ್ಷಗಟ್ಟಲೆ ಡ್ರೈವಿಂಗ್ ಲೈಸೆನ್ಸ್ ಒಂದರಲ್ಲೇ ಓಡಾಡಿರುತ್ತೇವೆ. ಪಾಸ್‌ಪೋರ್ಟ್ ಅಂದರೆ ಏರ್‌ಪೋರ್ಟಿಗೆ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತದೆ. ವಯಸ್ಸಾದವರು ಎಲ್ಲಾದರೂ ಬೀಳಿಸಿಕೊಂಡರೆ ಎಂಬಸಿಗೆ ಅಲೆಯಬೇಕಲ್ಲ ಎನ್ನುವ ಭಯ ಬೇರೆ. ಫೋನಲ್ಲಿ ಫೋಟೋ ಇದೆ, ಸಾಕು ಅಂದುಕೊಂಡೆ. ಆದರೆ ವಿಸಿಟರ್ ವೀಸಾದಲ್ಲಿ ಬಂದವರ ಹತ್ತಿರ ಈ ದೇಶದಲ್ಲಿ ನಡೆಯುವ ಗುರುತಿನ ಚೀಟಿ ಬೇರೆ ಯಾವುದಿರುತ್ತೆ? ಅಪ್ಪನ ಪರ್ಸಲ್ಲಿ ಇದ್ದದ್ದು ಆಧಾರ್ ಕಾರ್ಡ್. ಅಕಾಡೆಮಿ ಅಂದರೆ ಕಾಲೇಜು ಕ್ಯಾಂಪಸ್ ಅಂತ ನಾನು ತಿಳಿದಿದ್ದೆ, ಅದು ಮಿಲಿಟರಿ ಜಾಗ. 18 ದಾಟಿದ ಎಲ್ಲರೂ ಫೋಟೋ ಇರುವ ಸರ್ಕಾರಿ ಐಡಿ ತೋರಿಸಬೇಕು, ಹೊರದೇಶದವರು ಅಸಲಿ ಪಾಸ್‌ಪೋರ್ಟ್ ತೋರಿಸಬೇಕು. ವೆಬ್‌ಸೈಟಲ್ಲಿ ಬರೆದೇ ಇತ್ತು. ನಾನು ಪಾರ್ಕಿಂಗ್ ಓದಿದೆ, ಟೂರ್ ಟೈಮಿಂಗ್ ಓದಿದೆ, ಅದನ್ನು ಮಾತ್ರ ಓದಲಿಲ್ಲ.

ಗೇಟಲ್ಲಿದ್ದ ಹುಡುಗ ನನ್ನ ಫೋನ್ ನೋಡಿ ನಯವಾಗಿಯೇ ಆಗಲ್ಲ ಅಂದ. ಅಪ್ಪ ಅವನ ಪರವೇ ನಿಂತರು. "ನಮ್ಮ ನೇವಲ್ ಬೇಸ್‌ಗೆ ಬಂದವರನ್ನೂ ನಾವು ಹೀಗೇ ವಾಪಸ್ ಕಳಿಸ್ತಿದ್ವಿ ಮಾರಾಯ." ಮನೆಗೆ ಹೋಗಿ ತರುತ್ತೇನೆ ಅಂದರೆ ಅಪ್ಪ ಬಿಡಲಿಲ್ಲ. ಅವರ ಫ್ಲೈಟ್ ಹತ್ತಿರ ಬಂದಿತ್ತು, ಮತ್ತೆ ಹೋಗಲು ಆಗಲೇ ಇಲ್ಲ. ಒಳಗೆ ಅಮೆರಿಕದ ನೇವಿಯ ಪಿತಾಮಹ ಅನ್ನಿಸಿಕೊಂಡ ಜಾನ್ ಪಾಲ್ ಜೋನ್ಸ್ ಸಮಾಧಿ ಇದೆ. 1792ರಲ್ಲಿ ಪ್ಯಾರಿಸ್‌ನಲ್ಲಿ ಸತ್ತ ಆ ನಾವಿಕನ ದೇಹವನ್ನು 1905ರಲ್ಲಿ ಹುಡುಕಿ ತಂದರು, ಈಗ ಚಾಪೆಲ್ ಕೆಳಗೆ ಅಮೃತಶಿಲೆಯ ಪೆಟ್ಟಿಗೆಯಲ್ಲಿದೆ. ಅದನ್ನು ನಾನು ಆಮೇಲೆ ನೋಡಿದೆ. ನೋಡಬೇಕಾಗಿದ್ದವರು ಅಪ್ಪ.

ಹಾಗಾಗಿ ಬಾಲ್ಟಿಮೋರ್ ವಿಷಯ ಆಮೇಲೆ. ಮೊದಲು ಪಾಸ್‌ಪೋರ್ಟ್ ಬ್ಯಾಗಿಗೆ ಹಾಕಿ. ರಾಜ್ಯದ ಶಾಸನಸಭೆ ಇರುವ ಮೇರಿಲ್ಯಾಂಡ್ ಸ್ಟೇಟ್ ಹೌಸ್ ಒಳಗೆ ಹೋಗಲೂ ಫೋಟೋ ಐಡಿ ಕೇಳುತ್ತಾರೆ. ನಮಗೆ ಅದೂ ಹೊರಗಿಂದಲೇ ದರ್ಶನ.

ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಅನ್ನಿ, ಇಡೀ ದಿನ ಸುಮ್ನೆ ಊರು ಸುತ್ತಿದೆವು. ಪ್ರಿನ್ಸ್ ಜಾರ್ಜ್ ಬೀದಿಯ ವಿಲಿಯಂ ಪೇಕಾ ಮನೆ ಅಮ್ಮನಿಗೆ ಹಿಡಿಸಿತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಮೇರಿಲ್ಯಾಂಡಿನ ನಾಲ್ವರಲ್ಲಿ ಪೇಕಾ ಒಬ್ಬರು. ಮನೆ 1760ರ ದಶಕದ್ದು. ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ, ಕೊನೆಯಲ್ಲಿ ಮೀನಿನ ಆಕಾರದ ಕೊಳ, ಪುಟ್ಟ ಮರದ ಸೇತುವೆ. ಈ ತೋಟದ ಮೇಲೆ ದೊಡ್ಡ ಹೋಟೆಲ್ ಕಟ್ಟಿಬಿಟ್ಟಿದ್ದರಂತೆ. 1965ರಲ್ಲಿ ಅದನ್ನು ಕೆಡವಿ, ನೆಲ ಅಗೆದು ಹಳೆಯ ಗೋಡೆಗಳ ಅಡಿಪಾಯ ಹುಡುಕಿದರು. ಸೇತುವೆ ಹೇಗಿತ್ತು ಅಂತ ಗೊತ್ತಾಗಿದ್ದು ಪೇಕಾ ಅವರನ್ನೇ ಬಿಡಿಸಿದ ಒಂದು ಪೇಂಟಿಂಗಿನಿಂದ, ಚಿತ್ರದ ಹಿನ್ನೆಲೆಯಲ್ಲಿ ಅದು ಇತ್ತು! ಅಮ್ಮ ಗಿಡ ನೋಡುತ್ತಾ ಅಲ್ಲೇ ಕೂತುಬಿಟ್ಟಳು. ಅರ್ಧ ದಿನದ ಪ್ಲ್ಯಾನಲ್ಲಿ ಇಂಥದ್ದಕ್ಕೆ ಜಾಗ ಎಲ್ಲಿ?

ಸ್ಟೇಟ್ ಹೌಸನ್ನು ಮಾತ್ರ ನೀವು ಬಿಡಬೇಡಿ. ಒಳಗೆ ಹೋಗಲು ದುಡ್ಡಿಲ್ಲ. 1772ರಲ್ಲಿ ಶುರು ಮಾಡಿದ ಕಟ್ಟಡ, ಇವತ್ತಿಗೂ ಶಾಸನಸಭೆ ಅಲ್ಲೇ ಸೇರುತ್ತದೆ. 1783ರ ಡಿಸೆಂಬರ್ 23ರಂದು ಜಾರ್ಜ್ ವಾಷಿಂಗ್ಟನ್ ಸೇನಾಪತಿ ಹುದ್ದೆ ಬಿಟ್ಟುಕೊಟ್ಟಿದ್ದು ಇಲ್ಲಿ. ಯುದ್ಧ ಗೆದ್ದವರು ಅಧಿಕಾರ ವಾಪಸ್ ಕೊಟ್ಟು ಮನೆಗೆ ಹೋದರು, ಇತಿಹಾಸದಲ್ಲಿ ಅದೇನು ದಿನಾ ನಡೆಯುವ ಮಾತಾ? ಹಳೇ ಸೆನೆಟ್ ಕೋಣೆಯಲ್ಲಿ ಅವರ ಕಂಚಿನ ಪ್ರತಿಮೆ ನಿಂತಿದೆ. ತಲೆ ಎತ್ತಿ ನೋಡಿ, ಗ್ಯಾಲರಿಯಲ್ಲಿ ಒಬ್ಬ ಹೆಂಗಸಿನ ಪ್ರತಿಮೆಯೂ ಇದೆ. ಮೋಲಿ ರಿಡೌಟ್. ಅವತ್ತು ಮೇಲೆ ನಿಂತು ನೋಡಿ, ಪತ್ರದಲ್ಲಿ ಬರೆದವರು. ಗುಮ್ಮಟ ಪೂರ್ತಿ ಮರದ್ದು, ಮೊಳೆ ಹೊಡೆಯದೆ ಮರದ ಗೂಟಗಳಿಂದ ಕೂಡಿಸಿದ್ದು. ಇದನ್ನು ಹೊರಗೆ ನಿಂತೇ ಅಪ್ಪನಿಗೆ ಹೇಳಿದೆ. ಅವರು ದೋಣಿ ಕಟ್ಟುವುದನ್ನು ನೋಡಿ ಬೆಳೆದವರಲ್ವಾ, ಕೀಲು ಹೇಗೆ ಕೂರಿಸಿದ್ದಾರೆ ಅಂತ ಕೇಳಿದರು. ನನಗೇನು ಗೊತ್ತು.

ಸಿಟಿ ಡಾಕ್ ಹತ್ತಿರ 'ರೂಟ್ಸ್' ಬರೆದ ಲೇಖಕ ಅಲೆಕ್ಸ್ ಹೇಲಿ ಮಕ್ಕಳಿಗೆ ಓದಿ ಹೇಳುತ್ತಾ ಕೂತ ಕಂಚಿನ ಪ್ರತಿಮೆ ಇದೆ. 1767ರಲ್ಲಿ ಅವರ ಪೂರ್ವಜ ಕುಂಟಾ ಕಿಂಟೆಯನ್ನು ಗುಲಾಮರ ಹಡಗಿನಲ್ಲಿ ತಂದು ಇಳಿಸಿದ್ದು ಈ ಊರಿಗೆ ಎನ್ನುತ್ತಾರೆ. ಜನ ಪಕ್ಕದಲ್ಲಿ ಕೂತು ಸೆಲ್ಫಿ ತೆಗೆದು ಎದ್ದು ಹೋಗುತ್ತಾರೆ. ಗೋಡೆಯ ಮೇಲಿನ ಫಲಕಗಳನ್ನೂ ಓದಿಸಿ.

ಊಟಕ್ಕೆ ಎಲ್ಲರೂ ಕ್ರ್ಯಾಬ್ ಕೇಕ್ ಅನ್ನುತ್ತಾರೆ. ನಮ್ಮಮ್ಮನ ತೀರ್ಪು: "ಏಡಿ ಏನೋ ಒಳ್ಳೇದೇ, ಖಾರ ಹಾಕೋದು ಮರೆತಿದಾರೆ." ಸಸ್ಯಾಹಾರಿಗಳಾದರೆ ಮನೆಯಿಂದ ಚಪಾತಿ ಕಟ್ಟಿಕೊಳ್ಳಿ, ಡಾಕ್ ಹತ್ತಿರ ಕೂತು ತಿನ್ನಬಹುದು.

ಮಂಡಿ ನೋವಿದ್ದರೆ ಕಾರನ್ನು ಮೇಲೆ ಚರ್ಚ್ ಸರ್ಕಲ್ ಬಳಿಯ ಗ್ಯಾರೇಜಲ್ಲಿ ನಿಲ್ಲಿಸಿ, ಮೇನ್ ಸ್ಟ್ರೀಟಲ್ಲಿ ನಿಧಾನಕ್ಕೆ ಇಳಿಸಿ. ಇಟ್ಟಿಗೆ ಹಾಸಿದ ರಸ್ತೆ, ಚಪ್ಪಲಿ ಬೇಡ, ಶೂ ಹಾಕಿಸಿ. ವಾಪಸ್ ಹತ್ತಿಸಬೇಡಿ, ನೀವೇ ಹೋಗಿ ಕಾರು ತನ್ನಿ. ಅಕ್ಟೋಬರಲ್ಲಿ ಹೋಗುವುದಾದರೆ ಬೋಟ್ ಶೋ ಯಾವತ್ತು ಅಂತ ನೋಡಿಕೊಳ್ಳಿ, ಆ ದಿನಗಳಲ್ಲಿ ಪಾರ್ಕಿಂಗ್ ಆಸೆಯನ್ನೇ ಬಿಟ್ಟುಬಿಡಿ.